ಬೇಕಾಗಿದ್ದಾರೆ ಎಂದು ಬರೆಯುವ ಮೊದಲು

ಪತ್ರಿಕೆ ಕೈಗೆ ಬಂದರೆ ನಾನು ತಪ್ಪದೆ ಓದುವುದು ಒಳಪುಟದ ಸಣ್ಣ ಜಾಹೀರಾತುಗಳನ್ನು, ಅದರಲ್ಲೂ ‘ಬೇಕಾಗಿದ್ದಾರೆ’ ಎಂಬ ತಲೆಬರಹದವನ್ನು. ಅಡುಗೆಯವರು ಬೇಕಾಗಿದ್ದಾರೆ. ಲಾರಿ ಚಾಲಕರು ಬೇಕಾಗಿದ್ದಾರೆ. ತೋಟ ನೋಡಿಕೊಳ್ಳಲು ದಂಪತಿ ಬೇಕಾಗಿದ್ದಾರೆ. ಮನೆಯಲ್ಲೇ ಇದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಮಹಿಳೆ ಬೇಕಾಗಿದ್ದಾರೆ. ಒಂದೊಂದರ ಹಿಂದೆಯೂ ಒಂದು ಸಂಸಾರದ ತಾಪತ್ರಯವಿರುತ್ತದೆ. ಎಲ್ಲೋ ಒಬ್ಬ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಎಲ್ಲೋ ಬಹಳ ವರ್ಷ ಇದ್ದ ಅಡುಗೆ ಭಟ್ಟರು ಹಬ್ಬಕ್ಕೆಂದು ಊರಿಗೆ ಹೋದವರು ಮರಳಿ ಬಂದಿಲ್ಲ.

ಇವುಗಳಲ್ಲಿ ಕೆಲವು ಒಂದೇ ಸಲ ಬಂದು ಮುಗಿದುಹೋಗುತ್ತವೆ. ಇನ್ನು ಕೆಲವು ಒಂದಕ್ಷರವೂ ಬದಲಾಗದೆ ವಾರ ವಾರವೂ ಬರುತ್ತಲೇ ಇರುತ್ತವೆ. ‘ತೋಟ ನೋಡಿಕೊಳ್ಳಲು ದಂಪತಿ ಬೇಕಾಗಿದ್ದಾರೆ. ವಸತಿ ಉಚಿತ. ಯೋಗ್ಯ ಸಂಬಳ.’ ಹೀಗೆ ಮತ್ತೆ ಮತ್ತೆ ಬರುವ ಜಾಹೀರಾತನ್ನು ಓದುವಾಗ ನನ್ನ ಮನಸ್ಸು ಅದರಲ್ಲಿ ಇಲ್ಲದ್ದನ್ನು ಹುಡುಕುತ್ತದೆ. ದಂಪತಿ ಎಂದರೆ ಮಕ್ಕಳೂ ಇರುತ್ತಾರಲ್ಲ, ಶಾಲೆ ಎಷ್ಟು ದೂರ? ಬಸ್ಸು ಎಲ್ಲಿಯವರೆಗೆ ಬರುತ್ತದೆ? ವಸತಿ ಎಂದರೆ ಮನೆಯೋ, ಪಂಪ್‌ಶೆಡ್ಡಿಗೆ ತಾಗಿದ ಕೋಣೆಯೋ? ಯೋಗ್ಯ ಎಂದರೆ ಎಷ್ಟು, ಯಾರ ಲೆಕ್ಕದಲ್ಲಿ? ಬರೆಸಿದವರಿಗೆ ತಮಗೇನು ಬೇಕೆಂಬುದು ಚೆನ್ನಾಗಿ ಗೊತ್ತಿದೆ. ಆದರೆ ಇಂಥ ಕೆಲಸ ಬಲ್ಲವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಎಷ್ಟು ಗಳಿಸುತ್ತಿದ್ದಾರೆ, ಅದನ್ನು ಬಿಟ್ಟು ಇಲ್ಲಿಗೆ ಯಾಕೆ ಬರಬೇಕು ಎಂಬುದನ್ನು ಅವರು ಯಾರ ಹತ್ತಿರವೂ ಕೇಳಿದಂತಿಲ್ಲ. ಯಾರೂ ಬಾರದಿದ್ದಾಗ ಅವರ ಬಾಯಲ್ಲಿ ಬರುವ ಮಾತು ಒಂದೇ: ಈಗಿನವರಿಗೆ ದುಡಿಯುವ ಮನಸ್ಸಿಲ್ಲ. ಈ ಮಾತನ್ನು ನಾನು ಒಪ್ಪುವವನಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳುವುದಕ್ಕೆ ನಮ್ಮ ಕೇರಿಯ ಕಥೆಯನ್ನೇ ಹೇಳಬೇಕು.

ನಮ್ಮದು ಶಿರಸಿ ಸೀಮೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಉದ್ದಕ್ಕೂ ಅಡಿಕೆ ತೋಟ. ಒಬ್ಬೊಬ್ಬರದು ಒಂದೆಕರೆ, ಎರಡೆಕರೆ, ಹೆಚ್ಚೆಂದರೆ ನಾಲ್ಕು. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸುವವರನ್ನು ನಮ್ಮಲ್ಲಿ ಕೊನೆಗೌಡರು ಎನ್ನುತ್ತಾರೆ. ಹಿಂದೆ ಒಂದೊಂದು ಕೇರಿಗೆ ಅದರದೇ ಕೊನೆಗೌಡರಿದ್ದರು. ಅಪ್ಪನ ನಂತರ ಮಗ ಬರುತ್ತಿದ್ದ. ಈಗ ಒಂದೇ ತಂಡ ಐದಾರು ಊರು ಸುಧಾರಿಸಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಅಡಿಕೆ ಹಣ್ಣಾಗಿ ಉದುರಿರುತ್ತದೆ. ಅಡಿಕೆಯ ಪಾಡು ಗೊತ್ತಿಲ್ಲದವರಿಗೆ ಇದರ ನಷ್ಟ ತಿಳಿಯಲಿಕ್ಕಿಲ್ಲ. ಹಸಿರಿರುವಾಗ, ಬೆಳವಣಿಗೆ ಸರಿಯಾದ ಹದಕ್ಕೆ ಬಂದಾಗ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದರೆ ರಾಶಿ, ಬೆಟ್ಟೆ. ಹದ ಮೀರಿತೋ, ಅದು ಒಣಗಿಸಿ ಚಾಲಿ ಮಾಡುವುದಕ್ಕೆ ಮಾತ್ರ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಲಿಕ್ಕೂ ಆಳು ಬೇಕು. ಒಂದೇ ಮರದಲ್ಲಿಯೂ ಎಲ್ಲ ಕೊನೆ ಒಟ್ಟಿಗೆ ಹದಕ್ಕೆ ಬರುವುದಿಲ್ಲ, ಹಾಗಾಗಿ ಒಂದು ತೋಟಕ್ಕೆ ಎರಡು ಮೂರು ಕೊಯ್ಲು. ಪ್ರತಿ ಕೊಯ್ಲಿಗೂ ಮತ್ತೆ ಕಾಯಬೇಕು.

‘ಆಳು ಸಿಕ್ತಿಲ್ಲೆ ಮಾರಾಯ’ ಎಂಬುದು ನಮ್ಮಲ್ಲಿ ಕುಶಲ ಪ್ರಶ್ನೆಗೆ ಕೊಡುವ ಉತ್ತರವೇ ಆಗಿಬಿಟ್ಟಿದೆ. ಕಡೆಗೊಂದು ಸಂಜೆ ಕೇರಿಯವರೆಲ್ಲ ಜಗುಲಿಯಲ್ಲಿ ಸೇರಿ, ನಾವೆಲ್ಲ ಒಟ್ಟಾಗಿ ಇಬ್ಬರು ಕೊನೆಗೌಡರನ್ನು ವರ್ಷಪೂರ್ತಿ ಸಂಬಳಕ್ಕೆ ಇಟ್ಟುಕೊಳ್ಳೋಣ ಎಂದು ಮಾತಾಡಿಕೊಂಡೆವು. ಒಳ್ಳೆಯ ಆಲೋಚನೆ. ಒಬ್ಬರು ಆಗಲೇ ಮೊಬೈಲು ತೆಗೆದು, ಈಗಲೇ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತೇನೆ, ನಾಳೆ ಪೇಪರಿಗೂ ಕೊಡೋಣ ಎಂದರು. ಮೊದಲು ಸ್ವಲ್ಪ ಕೇಳಿಕೊಂಡು ಬರೋಣ, ಆಮೇಲೆ ಹಾಕೋಣ ಎಂದೆ ನಾನು. ಏನು ಕೇಳುವುದು, ಯಾರನ್ನು ಕೇಳುವುದು ಎಂದರು. ಅದನ್ನೇ ಕೇಳಿಕೊಂಡು ಬರಬೇಕು ಎಂದೆ. ಹೀಗೆ ವಿಚಾರಿಸುವ ಕೆಲಸ ನನ್ನ ಪಾಲಿಗೇ ಬಂತು.

ಅಡಿಕೆ ಬೆಳೆಯುವವರಿಗೆ ಮಾರುಕಟ್ಟೆ ವಿಚಾರಿಸುವುದು ಹೊಸತೇನಲ್ಲ. ರಾಶಿಗೆಷ್ಟು, ಬೆಟ್ಟೆಗೆಷ್ಟು, ಚಾಲಿಗೆಷ್ಟು ಎಂದು ಚಿಕ್ಕ ಮಕ್ಕಳೂ ಹೇಳಿಯಾರು. ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅಂದರೆ ನೂರು ವರ್ಷಗಳಿಂದ ನಾವು ನಮ್ಮ ಮಾಲಿನ ಧಾರಣೆಯನ್ನು ಒಟ್ಟಾಗಿ ಕಾದುಕೊಂಡು ಬಂದವರು. ನಿನ್ನೆಯ ಧಾರಣೆ ಗೊತ್ತಿಲ್ಲದೆ ಯಾರೂ ಒಂದು ಚೀಲವನ್ನೂ ಮಾರುವುದಿಲ್ಲ. ಅಂಥ ನಮಗೇ ಆ ಅಡಿಕೆಯನ್ನು ಮರದಿಂದ ಇಳಿಸುವ ಕೈಗಳ ಧಾರಣೆ ಗೊತ್ತಿಲ್ಲ. ಕಳೆದ ವರ್ಷ ನಾವು ಕೊಟ್ಟದ್ದೆಷ್ಟು ಎಂಬುದು ಗೊತ್ತು, ಅಷ್ಟೆ. ಪಕ್ಕದ ಸೀಮೆಯಲ್ಲಿ ಎಷ್ಟು ನಡೆಯುತ್ತಿದೆ, ದಿನಗೂಲಿಯೋ, ಕೊನೆ ಲೆಕ್ಕವೋ, ಗುತ್ತಿಗೆಯೋ, ಊಟ ಯಾರದು, ಪೆಟ್ರೋಲು ಯಾರದು, ಬಿದ್ದರೆ ಆಸ್ಪತ್ರೆ ಯಾರದು ಎಂಬ ಪ್ರಶ್ನೆಗಳಿಗೆ ನಮ್ಮ ಜಗುಲಿಯಲ್ಲಿ ಉತ್ತರವಿರಲಿಲ್ಲ.

ನಾನು ಮೊದಲು ಹೋದದ್ದು ಪಕ್ಕದೂರಿನ ಹಿರಿಯ ಕೊನೆಗೌಡರ ಮನೆಗೆ. ಈಗ ಅವರು ದೊಡ್ಡ ಮರ ಹತ್ತುವುದು ಬಿಟ್ಟಿದ್ದಾರೆ. ಅವರ ಕೆಲಸವನ್ನು ನಾನು ಚಿಕ್ಕಂದಿನಿಂದ ನೋಡಿದವನು. ಇಬ್ಬನಿ ಆರಿದ ಮೇಲೆ ತೋಟಕ್ಕಿಳಿಯುವರು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರದ ಬುಡದಲ್ಲಿ ನಿಂತು ಒಮ್ಮೆ ಮೇಲೆ ನೋಡುವರು. ಅಂಗೈಯಿಂದ ಮರವನ್ನು ಎರಡು ಸಲ ತಟ್ಟುವರು. ಆಮೇಲೆ ಏರುವುದು. ತುದಿ ಮುಟ್ಟಿ, ಕೊನೆ ಕೊಯ್ದು, ಹಗ್ಗಕ್ಕೆ ಸಿಕ್ಕಿಸಿ ಬಿಡುವರು. ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದು ದೂರ ನಿಂತವನ ಕೈಗೆ ಕೊನೆ ಜಾರಿಕೊಂಡು ಬರುವುದು, ಒಂದು ಅಡಿಕೆಯೂ ಚೆಲ್ಲುತ್ತಿರಲಿಲ್ಲ. ಆ ಮರ ಮುಗಿಯಿತೆಂದು ಕೆಳಗಿಳಿಯುವುದಿಲ್ಲ. ತಾವು ಕೂತ ಮರವನ್ನೇ ತೂಗಿ ಪಕ್ಕದ ಮರದ ತಲೆಯನ್ನು ಕೈಗೆ ಎಳೆದುಕೊಂಡು ಅದಕ್ಕೆ ದಾಟುವರು. ಐವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ಹೀಗೆ ಸಾಗುತ್ತ ಸಾಲು ಮುಗಿದ ಮೇಲೆಯೇ ನೆಲ ಮುಟ್ಟುತ್ತಿದ್ದರು.

ಆ ತಟ್ಟುವುದು ಏನು ಎಂದು ನಾನು ಕೇಳಿದೆ. ಅವರೆಂದರು: ‘ಮರ ಹತ್ತೂದು ಹುಡುಗ್ರಿಗೆ ಬೇಗ ಬರ್ತದೆ ಹೆಗಡೇರೆ. ಯಾವ ಮರ ಹತ್ತಬಾರದು ಅನ್ನೂದು ಕಲಿಯೂಕೆ ವರ್ಷ ಬೇಕು.’ ಒಳಗೆ ಟೊಳ್ಳಾದ ಮರ, ಗಂಟಿನ ಹತ್ತಿರ ಸೀಳು ಬಿಟ್ಟ ಮರ, ಬೇರು ಸಡಿಲಾದ ಮರ, ಇವುಗಳದೆಲ್ಲ ಬೇರೆ ಬೇರೆ ದನಿಯಂತೆ. ಈ ಒಂದು ಮಾತಿಗಾಗಿಯಾದರೂ ಅಲ್ಲಿಗೆ ಹೋದದ್ದು ಸಾರ್ಥಕವಾಯಿತು. ನಾವು ಜಗುಲಿಯಲ್ಲಿ ಕೂತು ಬರೆದಿದ್ದರೆ ‘ಮರ ಹತ್ತಲು ಬರುವವರು’ ಎಂದು ಬರೆಯುತ್ತಿದ್ದೆವು. ನಮಗೆ ಬೇಕಾದದ್ದು ಮರ ಓದಲು ಬರುವವರು. ಅಂಥವರ ಸಂಖ್ಯೆ ಬೇರೆ, ಅವರು ಸಿಗುವ ಜಾಗ ಬೇರೆ, ಅವರ ಬೆಲೆಯೂ ಬೇರೆ.

ಇನ್ನೊಂದು ಮಾತನ್ನೂ ಅವರು ಹೇಳಿದರು. ‘ನೀವೆಲ್ಲ ಬಂದು ಕೇಳೂದು, ದಿನಕ್ಕೆ ಎಷ್ಟು ಕೊಡ್ಲಿ ಗೌಡ್ರೇ ಅಂತ. ಉಳಿದ ತಿಂಗಳು ಎಂತ ಮಾಡ್ತ್ರಿ ಅಂತ ಯಾರೂ ಕೇಳೂದಿಲ್ಲ.’

ಕೊನೆಗೌಡರ ವರ್ಷವನ್ನು ಬಿಡಿಸಿ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಹೊಡೆಯಬೇಕು. ಅದಾಗಿ ಒಂದೂವರೆ ತಿಂಗಳಿಗೆ ಇನ್ನೊಂದು ಸಲ; ಆಗ ಮರಕ್ಕೆಲ್ಲ ಪಾಚಿ ಹಿಡಿದು ಜಾರುತ್ತಿರುತ್ತದೆ, ಮಳೆ ಹೊಳವಾದ ಗಳಿಗೆ ನೋಡಿ ಏರಬೇಕು. ದೀಪಾವಳಿಯ ಆಚೀಚೆ ಕೊಯ್ಲು ಶುರುವಾದರೆ ಸಂಕ್ರಾಂತಿ ದಾಟುವವರೆಗೆ ಬಿಡುವಿಲ್ಲ. ಆಮೇಲೆ? ಫೆಬ್ರವರಿಯಿಂದ ಮೇ ನಡುವಿನವರೆಗೆ ಮರ ಹತ್ತುವ ಕೆಲಸ ಹೆಚ್ಚಿಲ್ಲ. ಮದ್ದು ಹೊಡೆದ ಮೇಲೆ ಕೊಯ್ಲಿನವರೆಗೆ ಇನ್ನೊಂದು ಬಿಡುವು. ಕೊಯ್ಲಿನಲ್ಲಿ ದಿನಕ್ಕೆ ಸಿಗುವ ಹಣ ಕೇಳಿದರೆ ಪೇಟೆಯವರಿಗೆ ದೊಡ್ಡದೆನಿಸುತ್ತದೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿ, ಬಿದ್ದು ಕೈಕಾಲು ಮುರಿದುಕೊಳ್ಳುವ ಭಯವನ್ನೂ ಸೇರಿಸಿ ನೋಡಿದರೆ, ಹುಬ್ಬಳ್ಳಿಯಲ್ಲಿ ಗೋದಾಮಿನ ಬಾಗಿಲು ಕಾಯುವ ಹುಡುಗನ ಸಂಬಳ ಹೆಚ್ಚು ಆಕರ್ಷಕವಾಗಿ ಕಾಣುವುದು ಸಹಜ.

ಬೋರ್ಡೋ ಎಂದೆನಲ್ಲ, ಅದರ ಕಥೆಯನ್ನು ಇಲ್ಲಿ ಹೇಳಬೇಕು. ಕೊಳೆರೋಗ ನಮ್ಮ ತೋಟಗಳಿಗೆ ಹಳೆಯ ಶತ್ರು. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರಿ ಇಡೀ ಫಸಲು ಹೋಗುತ್ತಿತ್ತು. ಅಡಿಕೆ ಕೊನೆಗೆ ಕೊಟ್ಟೆಯ ಹೊದಿಕೆ ಕಟ್ಟಿ ಮಳೆನೀರು ತಾಗದಂತೆ ಮಾಡುವುದೊಂದೇ ಗೊತ್ತಿದ್ದ ಉಪಾಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮಲೆನಾಡಿನಲ್ಲಿ ಓಡಾಡಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯವರು ದ್ರಾಕ್ಷಿಯ ರೋಗಕ್ಕೆ ಬಳಸುತ್ತಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಅಡಿಕೆಗೂ ಆಗುತ್ತದೆ ಎಂದು ತೋರಿಸಿಕೊಟ್ಟವರು ಅವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ನಡೆಯುತ್ತಿದೆ. ಕೃಷಿ ಇತಿಹಾಸದಲ್ಲಿ ಇದನ್ನು ಔಷಧದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಒಂದು ಉದ್ಯೋಗ ಹುಟ್ಟಿದ ಕಥೆಯಾಗಿಯೂ ಕಾಣುತ್ತದೆ. ಔಷಧ ಕಂಡುಹಿಡಿದರೆ ಸಾಲದು. ಸುರಿವ ಆಷಾಢದಲ್ಲಿ ಪಿಚಕಾರಿಯ ಪೈಪು ಹಿಡಿದು ಮರದ ತುದಿಗೆ ಹೋಗುವವನೊಬ್ಬ ಬೇಕಲ್ಲ. ಕೊಯ್ಯಲಿಕ್ಕೆ, ಕೊಟ್ಟೆ ಕಟ್ಟಲಿಕ್ಕೆ ಬೇಕಾಗಿದ್ದ ಕೊನೆಗೌಡರು ಮದ್ದು ಹೊಡೆಯಲಿಕ್ಕೂ ಬೇಕಾದರು. ಕೆಲಸವೊಂದು ಯಾವಾಗ, ಯಾವ ಕಾರಣಕ್ಕೆ ಹುಟ್ಟಿತು, ನಡುವೆ ಹೇಗೆ ಬದಲಾಯಿತು ಎಂದು ತಿಳಿದುಕೊಂಡರೆ, ಮುಂದೆ ಅದು ಹೇಗೆ ಬದಲಾಗಬಹುದು ಎಂಬುದೂ ಸ್ವಲ್ಪ ಹೊಳೆಯುತ್ತದೆ.

ಮುಂದೆ ನಾನು ಕೇಳಿ ತಿಳಿದದ್ದು ನಮ್ಮ ಎದುರಾಳಿಗಳ ವಿಷಯ. ಕೆಲಸಕ್ಕೆ ಜನ ಹುಡುಕುವವರು ತಾವೊಬ್ಬರೇ ಹುಡುಕುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಹಾಗಿಲ್ಲ. ಶಿವಮೊಗ್ಗದ ಕಡೆ ಚೇಣಿದಾರರಿದ್ದಾರೆ. ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿದು, ತಮ್ಮದೇ ತಂಡ ತಂದು ಕೊಯ್ಯುವವರು ಅವರು. ಊರಿಂದೂರಿಗೆ ತೋಟ ಹಿಡಿಯುವುದರಿಂದ ತಿಂಗಳುಗಟ್ಟಲೆ ಸತತ ಕೆಲಸ ಕೊಡಬಲ್ಲರು, ಮುಂಗಡವನ್ನೂ ಕೊಡಬಲ್ಲರು. ಬಯಲುಸೀಮೆಯಲ್ಲಿ ಹೊಸದಾಗಿ ಎದ್ದ ಅಡಿಕೆ ತೋಟಗಳಿಗೂ ಮರ ಹತ್ತುವವರು ಬೇಕು. ಕಟ್ಟಡ ಕೆಲಸಕ್ಕೆ ಗೋವಾ ಕರೆಯುತ್ತದೆ, ಬೆಂಗಳೂರು ಕರೆಯುತ್ತದೆ. ಸರ್ಕಾರದ ಉದ್ಯೋಗ ಖಾತರಿಯೂ ಇತ್ತು. 2024-25ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಅದರ ದಿನಗೂಲಿ 349 ರೂಪಾಯಿ. ನಮ್ಮ ಕೇರಿಯ ಕೆಲವರು ಆಳು ಸಿಗದಿರುವುದಕ್ಕೆ ಇದೇ ಕಾರಣ ಎಂದು ದೂರುತ್ತಿದ್ದರು. ಕೊನೆಗೌಡರ ಕೂಲಿ ನಮ್ಮಲ್ಲಿ ಸಾವಿರ ದಾಟಿ ವರ್ಷಗಳಾದವು. ಸಾವಿರ ಬಿಟ್ಟು 349ಕ್ಕೆ ಯಾರೂ ಹೋಗುವುದಿಲ್ಲ. ಕೇಳಿ ನೋಡದೆ ಆಡುವ ಮಾತುಗಳು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಜಾರ್ಜ್ ಸ್ಟಿಗ್ಲರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1962ರಲ್ಲಿ ದುಡಿಮೆಯ ಮಾರುಕಟ್ಟೆಯಲ್ಲಿ ಮಾಹಿತಿಯ ಪಾತ್ರವೇನು ಎಂಬ ಬಗ್ಗೆ ಒಂದು ಪ್ರಬಂಧ ಬರೆದರು. ಒಂದೇ ಬಗೆಯ ಕೆಲಸಕ್ಕೆ, ಒಂದೇ ಅರ್ಹತೆಯವರಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಸಂಬಳ ಯಾಕಿರುತ್ತದೆ ಎಂಬುದು ಅವರ ಪ್ರಶ್ನೆ. ವಿಚಾರಿಸುವುದಕ್ಕೆ ಹೊತ್ತು ಬೇಕು, ಹಣ ಬೇಕು, ಹಾಗಾಗಿ ಯಾರೂ ಪೂರ್ತಿ ವಿಚಾರಿಸುವುದಿಲ್ಲ. ಕೆಲಸ ಹುಡುಕುವವನೂ ಅಷ್ಟೆ, ಕೆಲಸ ಕೊಡುವವನೂ ಅಷ್ಟೆ ಎಂಬುದು ಅವರು ಕೊಟ್ಟ ವಿವರಣೆಯ ತಿರುಳು. ಇದೇ ದಾರಿಯಲ್ಲಿ ಮುಂದೆ ಹೋದ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್, ಕ್ರಿಸ್ಟೊಫರ್ ಪಿಸ್ಸರೈಡ್ಸ್ ಎಂಬ ಮೂವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೆಲಸ ಖಾಲಿ ಇರುವಾಗಲೇ ಕೆಲಸವಿಲ್ಲದವರೂ ಇರುವುದು ಹೇಗೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಿರುತ್ತಾರೆ, ಸಿಗುವುದಿಲ್ಲ. ನಮ್ಮ ಕಣಿವೆಯಲ್ಲಿ ಆಗುತ್ತಿರುವುದೂ ಇದೇ ಅಲ್ಲವೇ?

ಈ ಹುಡುಕಾಟ ಹಗುರಾಗಲೆಂದೇ ಸರ್ಕಾರ ಉದ್ಯೋಗ ವಿನಿಮಯ ಕೇಂದ್ರಗಳನ್ನು ತೆರೆದದ್ದು. ಖಾಲಿ ಹುದ್ದೆಗಳನ್ನು ಆ ಕೇಂದ್ರಗಳಿಗೆ ತಿಳಿಸಲೇಬೇಕು ಎಂದು 1959ರಲ್ಲಿ ಕಾಯ್ದೆಯೂ ಬಂತು. ಆದರೆ ಖಾಸಗಿ ಕೃಷಿ ಮತ್ತು ತೋಟಗಾರಿಕೆಯ ಕೆಲಸಗಳನ್ನು, ಯಂತ್ರ ನಡೆಸುವವರನ್ನು ಬಿಟ್ಟು, ಆ ಕಾಯ್ದೆ ಹೊರಗಿಟ್ಟಿತು. ಹಾಗಾಗಿ ಗುಮಾಸ್ತನ ಹುದ್ದೆಗೆ ಒಂದು ಕಚೇರಿ ಇತ್ತು, ಕೊನೆಗೌಡರಿಗೆ ಇರಲಿಲ್ಲ. ಇವತ್ತು ಬೆಂಗಳೂರಿನ ಕಂಪನಿಗಳು ಒಬ್ಬ ಎಂಜಿನಿಯರನ್ನು ಕರೆಯುವ ಮೊದಲು ಸಂಬಳದ ಸಮೀಕ್ಷೆಗಳನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತವೆ, ಎದುರಿನ ಕಂಪನಿ ಏನು ಕೊಡುತ್ತಿದೆ ಎಂದು ಅರಿತುಕೊಳ್ಳುತ್ತವೆ. ಹಳ್ಳಿಯಲ್ಲಿ ಅದಕ್ಕೆ ಇರುವುದು ಎರಡು ಕಾಲು ಮತ್ತು ಕೇಳುವ ತಾಳ್ಮೆ.

ಹೀಗೆ ತಿರುಗುತ್ತ ಒಂದು ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿದ್ದೆ. ಆ ಮನೆಯ ಹುಡುಗ ಚೆನ್ನಾಗಿ ಮರ ಹತ್ತುವವನು, ಈಗ ಪೇಟೆಯಲ್ಲಿ ವೈರಿಂಗ್ ಕೆಲಸಕ್ಕೆ ಹೋಗುತ್ತಾನೆ. ಅವನ ತಾಯಿಯನ್ನು ಕೇಳಿದೆ: ವೈರಿಂಗಿನಲ್ಲಿ ಹೆಚ್ಚು ಸಿಗುತ್ತದೆಯೇನಮ್ಮ? ಇಲ್ಲ, ಕೊಯ್ಲಿನಲ್ಲಿ ಸಿಗುವಷ್ಟು ಅಲ್ಲಿ ಇಲ್ಲ ಎಂದರು. ಮತ್ತೆ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮರ ಹತ್ತು ಹುಡುಗಂಗೆ ಹೆಣ್ಣು ಯಾರು ಕೊಡ್ತಾರೆ ಹೆಗಡೇರೆ? ಎಲೆಕ್ಟ್ರಿಷನ್ ಅಂದ್ರೆ ಕೇಳೂಕೆ ಬರ್ತಾರೆ’ ಎಂದರು. ಆ ಮನೆಯ ಗೋಡೆಯಲ್ಲಿ ಆಕೆಯ ಮೈದುನನ ಫೋಟೊ ಇತ್ತು. ಅವರು ಮರದಿಂದ ಬಿದ್ದು ತೀರಿಕೊಂಡವರು. ಸಂಬಳ ಇನ್ನೂ ನೂರು ರೂಪಾಯಿ ಜಾಸ್ತಿ ಮಾಡುತ್ತೇವೆ ಎಂದು ಆ ಫೋಟೊದ ಎದುರು ಕೂತು ಹೇಳುವುದು ನನ್ನಿಂದ ಆಗಲಿಲ್ಲ.

ಕೆಲಸದ ಮಾರುಕಟ್ಟೆ ಎಂದರೆ ಕೂಲಿಯ ಅಂಕಿ ಎಂದು ತಿಳಿದವರು ಇಂಥ ಮನೆಗಳಿಗೆ ಒಮ್ಮೆ ಹೋಗಬೇಕು. ಅಪಾಯ, ಮಾನ, ಮದುವೆ, ಮಳೆಗಾಲದ ಖರ್ಚು, ಮಕ್ಕಳ ಶಾಲೆ ಎಲ್ಲವೂ ಆ ಲೆಕ್ಕದೊಳಗೇ ಇವೆ. ನಮ್ಮ ಪಕ್ಕದ ಕೇರಳದಲ್ಲಿ ತೆಂಗಿನ ಕಾಯಿ ಕೀಳುವವರ ವಿಷಯದಲ್ಲಿ ಇದನ್ನು ಅರಿತು ಮಾಡಿದ ಕೆಲಸವೊಂದಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಶುರುಮಾಡಿ, ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಹುಡುಗರಿಗೂ ಹೆಣ್ಣುಮಕ್ಕಳಿಗೂ ಕಲಿಸಿತು. ಕೇರ ಸುರಕ್ಷಾ ಎಂಬ ವಿಮೆಯೂ ಜೊತೆಗಿದೆ. ಅಡಿಕೆಗೂ ಅಂಥ ಪ್ರಯತ್ನ ಆಗಿದೆ: ವಿಟ್ಲದ ಸಿಪಿಸಿಆರ್‌ಐ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ‘ಅಡಿಕೆ ಕೌಶಲ್ಯ ಪಡೆ’ ಎಂಬ ಹೆಸರಿನಲ್ಲಿ ಯುವಕರಿಗೆ ಮರ ಹತ್ತುವುದು, ಮದ್ದು ಬಿಡುವುದು, ಕೊಯ್ಯುವುದನ್ನು ಕಲಿಸಿದ್ದಾರೆ. ಪಡೆ ಎಂದು ಹೆಸರಿಟ್ಟವರ ಬಗ್ಗೆ ನನಗೆ ಗೌರವವಿದೆ. ಆಳು ಎಂದು ಕರೆಸಿಕೊಳ್ಳುವವನಿಗೂ ಪಡೆಯ ಸದಸ್ಯನಿಗೂ ಊರು ಕೊಡುವ ಮರ್ಯಾದೆ ಒಂದೇ ಅಲ್ಲ. ಅದೇ ವಿಟ್ಲದವರು ತುಮಕೂರಿನ ಹತ್ತಿರದ ಹಿರೇಹಳ್ಳಿಯ ಗಿಡ್ಡ ಅಡಿಕೆಯನ್ನು ಬಳಸಿ ಗಿಡ್ಡ ತಳಿಗಳನ್ನೂ ಹೊರತಂದಿದ್ದಾರೆ. ಆದರೆ ಅಜ್ಜ ನೆಟ್ಟ ಮರಗಳನ್ನು ತೆಗೆದು ಗಿಡ್ಡ ತಳಿ ನೆಟ್ಟು ಫಸಲು ಕಾಣುವವರೆಗೆ ಬದುಕು ನಡೆಯಬೇಕಲ್ಲ.

ಕಾರ್ಬನ್ ಫೈಬರ್ ದೋಟಿಯ ವಿಷಯವನ್ನೂ ವಿಚಾರಿಸಿದೆ. ಕೆಳಗೆ ನಿಂತೇ ಐವತ್ತು ಅರವತ್ತು ಅಡಿ ಎತ್ತರದ ಕೊನೆಯನ್ನು ಕೊಯ್ಯಬಹುದು, ಮದ್ದನ್ನೂ ಹೊಡೆಯಬಹುದು. ಹಗುರವಾಗಿದೆ, ಬೆಲೆ ಮಾತ್ರ ಹತ್ತಾರು ಸಾವಿರ. ದೋಟಿ ಬಂದರೆ ಕೊನೆಗೌಡರೇ ಬೇಡ ಎಂದು ಕೆಲವರು ತಿಳಿದಿದ್ದಾರೆ. ದಿನವಿಡೀ ಕತ್ತೆತ್ತಿ ನಿಂತು, ದೂರದಿಂದಲೇ ಕಾಯಿಯ ಹದ ಗುರುತಿಸಿ, ಬೀಳುವ ಕೊನೆಯನ್ನು ನೆಟ್ಟಿನಲ್ಲಿ ಹಿಡಿಯುವ ಹೊಂದಾಣಿಕೆ ಮಾಡಿಕೊಂಡು ಕೊಯ್ಯುವುದು ಪಳಗಿದವರ ಕೆಲಸ. ಹಿರಿಯ ಗೌಡರ ಕಣ್ಣಿಗೆ ದೋಟಿ ಕೊಟ್ಟರೆ ಇನ್ನೂ ಎಷ್ಟೋ ವರ್ಷ ಅವರ ವಿದ್ಯೆ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಹೊಳೆದದ್ದು ಆಗಲೇ. ಅವರಿಗೆ ಹೇಳಿದಾಗ ಮುಖ ಅರಳಿತು.

ಇಷ್ಟು ತಿಳಿದುಕೊಂಡು ಜಗುಲಿಗೆ ಮರಳಿದಾಗ ಮಾತು ಇನ್ನೊಂದು ಕಡೆ ಹೊರಳಿತು. ಕೂಲಿಯ ವಿವರವನ್ನೆಲ್ಲ ಕೇಳಿದ ಒಬ್ಬರು, ಸುತ್ತಿನ ಎಲ್ಲ ಕೇರಿಯವರೂ ಸೇರಿ ಇದಕ್ಕಿಂತ ಹೆಚ್ಚು ಯಾರೂ ಕೊಡಬಾರದು ಎಂದು ಠರಾವು ಮಾಡೋಣ ಎಂದರು. ನಾನು ಖಂಡಿತವಾಗಿ ಬೇಡ ಎಂದೆ. ಇಂಗ್ಲೆಂಡಿನಲ್ಲಿ ಪ್ಲೇಗು ಬಂದು ದುಡಿಯುವವರು ಕಡಿಮೆಯಾದಾಗ, 1351ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿ, ಪ್ಲೇಗಿಗೆ ಮುಂಚಿನ ಕೂಲಿಗೇ ದುಡಿಯಬೇಕು ಎಂದು ಕಟ್ಟಪ್ಪಣೆ ಹೊರಡಿಸಿತು. ಕೂಲಿ ಏರುವುದನ್ನು ತಡೆಯಲಾಗಲಿಲ್ಲ, ಜನರ ಸಿಟ್ಟು ಮಾತ್ರ ಬೆಳೆಯಿತು. ಒಡೆಯರು ಸದ್ದಿಲ್ಲದೆ ಒಗ್ಗಟ್ಟಾಗಿ ಕೂಲಿ ಏರದಂತೆ ನೋಡಿಕೊಳ್ಳುವುದು ಎಲ್ಲ ಕಡೆಯೂ ನಡೆಯುತ್ತದೆ ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿಟ್ಟಿದ್ದಾರೆ. ಕೊನೆಗೌಡರು ನನ್ನನ್ನು ಮನೆಯೊಳಗೆ ಕೂರಿಸಿ, ತಮ್ಮ ಗಳಿಕೆ, ತಮ್ಮ ಸಾಲ ಎಲ್ಲ ಹೇಳಿದ್ದು ಒಳ್ಳೆಯ ಕೆಲಸ ಹುಟ್ಟಲಿ ಎಂದು. ಅದನ್ನು ಅವರಿಗೇ ಬೇಲಿಯಾಗಿ ಕಟ್ಟುವುದು ದ್ರೋಹ. ವಿಚಾರಣೆಯ ಉದ್ದೇಶ ಎಷ್ಟು ಕಡಿಮೆಗೆ ಸಿಗುತ್ತಾರೆ ಎಂದು ತಿಳಿಯುವುದಾದರೆ ಜನ ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಸ್ವಲ್ಪ ಬಿಸಿ ಮಾತಾಯಿತು. ಕೊನೆಗೆ ಆ ಮಾತು ಅಲ್ಲಿಗೇ ನಿಂತಿತು.

ಇದೇ ಜಾಡಿನಲ್ಲಿ ಇನ್ನೊಂದು ಎಚ್ಚರವನ್ನೂ ಹೇಳಿಬಿಡುತ್ತೇನೆ. ಬೇರೊಬ್ಬರ ಹತ್ತಿರ ಈಗ ದುಡಿಯುತ್ತಿರುವವನ ಬಗ್ಗೆ ಅವನ ಯಜಮಾನರಿಗೇ ಫೋನು ಮಾಡಿ ವಿಚಾರಿಸಬಾರದು. ಅವನು ಬರುತ್ತೇನೆಂದು ಹೇಳುವ ಮೊದಲೇ ಅಲ್ಲಿನ ಅನ್ನಕ್ಕೆ ಕಲ್ಲು ಬಿದ್ದಿರುತ್ತದೆ. ಪೇಟೆಯ ಕಚೇರಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಆಮೇಲೆ ನಾವು ಕೂತು ಮಾಡಿದ್ದು ಒಂದು ವರ್ಷದ ಪಟ್ಟಿ. ಫೆಬ್ರವರಿ, ಮಾರ್ಚಿನಲ್ಲಿ ಕಾಳುಮೆಣಸಿನ ಕೊಯ್ಲು. ಅದಕ್ಕೂ ಏಣಿ ಹತ್ತುವವರೇ ಬೇಕು, ಅದನ್ನು ನಾವು ಬೇರೆಯವರಿಂದ ಮಾಡಿಸುತ್ತಿದ್ದೆವು. ಏಪ್ರಿಲಿನಲ್ಲಿ ನೀರಿನ ಪೈಪು, ಸ್ಪ್ರಿಂಕ್ಲರ್, ಪಂಪಿನ ರಿಪೇರಿ. ವೈರಿಂಗ್ ಬಲ್ಲ ಹುಡುಗನಿಗೆ ಇಲ್ಲೇ ಕೆಲಸವಿದೆ. ಮೇ ತಿಂಗಳಲ್ಲಿ ಬಸಿಗಾಲುವೆ ಬಿಡಿಸುವುದು, ಮದ್ದಿನ ತಯಾರಿ. ಮಳೆಗಾಲದ ಬಿಡುವಿನಲ್ಲಿ ಕಳೆ ಕೊಚ್ಚುವ ಯಂತ್ರ ನಡೆಸುವುದು, ಮೆಣಸಿನ ಬಳ್ಳಿ ಕಟ್ಟುವುದು. ಒಬ್ಬೊಬ್ಬರ ತೋಟದಲ್ಲಿ ಇವೆಲ್ಲ ಚಿಲ್ಲರೆ ಕೆಲಸ. ಇಡೀ ಕೇರಿಯದನ್ನು ಕೂಡಿಸಿದಾಗ ಇಬ್ಬರಿಗೆ ಹನ್ನೆರಡು ತಿಂಗಳೂ ಕೈತುಂಬ ಕೆಲಸವಾಯಿತು. ಕೊಯ್ಲಿನ ಸರದಿಯನ್ನು ಯಾರು ದೊಡ್ಡವರು ಎಂದು ನೋಡದೆ ಯಾರ ತೋಟ ಮೊದಲು ಹದಕ್ಕೆ ಬಂತು ಎಂದು ನೋಡಿ, ಗೌಡರೇ ತೀರ್ಮಾನಿಸಬೇಕು ಎಂದೂ ಒಪ್ಪಿಕೊಂಡೆವು. ಇದನ್ನು ಒಪ್ಪಿಸಲು ಕೂಲಿಯ ವಿಷಯಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಕಡೆಗೆ ಬರೆದ ಒಕ್ಕಣೆಯಲ್ಲಿ ‘ಯೋಗ್ಯ ಸಂಬಳ’ ಇರಲಿಲ್ಲ. ತಿಂಗಳಿಗೆ 25,000 ರೂಪಾಯಿ, ಹನ್ನೆರಡು ತಿಂಗಳೂ; ಕೊಯ್ಲಿನ ಕಾಲಕ್ಕೆ ದಿನದ ಲೆಕ್ಕದಲ್ಲಿ ಮೇಲುಹಣ; ವಾರಕ್ಕೊಂದು ರಜೆ; ಬೈಕಿನ ಪೆಟ್ರೋಲು; ಸೊಂಟದ ಬೆಲ್ಟು, ಹೊಸ ಹಗ್ಗ ಮತ್ತು ಒಂದು ದೋಟಿ ಕೇರಿಯ ಖರ್ಚಿನಲ್ಲಿ; ಮರ ಹತ್ತಬಾರದು ಎಂದು ಕೊನೆಗೌಡರು ಹೇಳಿದರೆ ಆ ಮರ ಹತ್ತಿಸುವಂತಿಲ್ಲ. ವಿಮೆಯ ಸಾಲನ್ನು ಬರೆಯುವಾಗ ಪ್ರಧಾನಮಂತ್ರಿ ಸುರಕ್ಷಾ ಬಿಮಾದ ಮಾತು ಬಂತು. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅಷ್ಟು ಸಾಲದು, ಆಸ್ಪತ್ರೆಯ ಖರ್ಚಿಗೆ ಬೇರೆ ಪಾಲಿಸಿ ಬೇಕು ಎಂದು ನಾನು ಹಟ ಹಿಡಿದೆ, ಎಲ್ಲರೂ ಒಪ್ಪಿದರು. ಪತ್ರಿಕೆಗೆ ಕೊಡುವ ಅಗತ್ಯವೇ ಬೀಳಲಿಲ್ಲ. ಯಾರನ್ನು ಕೇಳಿಕೊಂಡು ಬಂದಿದ್ದೆವೋ ಅವರಿಂದಲೇ ಸುದ್ದಿ ಹೋಯಿತು. ವೈರಿಂಗಿನ ಹುಡುಗ ಬಂದ, ಅವನ ಜೊತೆಗೆ ಇನ್ನೊಬ್ಬ. ಹಿರಿಯ ಗೌಡರು ದೋಟಿ ಹಿಡಿದು ಇಬ್ಬರಿಗೂ ಮರ ಓದುವುದನ್ನು ಕಲಿಸುತ್ತಿದ್ದಾರೆ; ಅದಕ್ಕೂ ಸಂಬಳ ಗೊತ್ತುಮಾಡಿದ್ದೇವೆ.

ಅಡಿಕೆ ವ್ಯವಹಾರದ ಸಹಕಾರಿ ಸಂಘಗಳಲ್ಲಿ ನನ್ನದೊಂದು ಬೇಡಿಕೆ ಇದೆ. ನೀವು ದಿನವೂ ರಾಶಿ, ಬೆಟ್ಟೆ, ಚಾಲಿಯ ಧಾರಣೆ ಹಾಕುತ್ತೀರಿ. ಅದೇ ಬೋರ್ಡಿನಲ್ಲಿ ಹಂಗಾಮಿಗೊಮ್ಮೆಯಾದರೂ ಕೊನೆ ಕೊಯ್ಲು, ಮದ್ದು ಹೊಡೆಯುವುದು, ಸುಲಿಯುವುದು, ಮೆಣಸು ಬಿಡಿಸುವುದು, ಇವಕ್ಕೆ ಸೀಮೆಯ ಯಾವ ಭಾಗದಲ್ಲಿ ಎಷ್ಟು ನಡೆಯುತ್ತಿದೆ, ವಿಮೆ ಕೊಡುವವರು ಯಾರು, ಕೆಲಸ ಬೇಕಾದವರು ಯಾರು ಎಂಬುದನ್ನೂ ಬರೆಯಿರಿ. ದುಡಿಯುವವರೂ ಓದಲಿ, ದುಡಿಸಿಕೊಳ್ಳುವವರೂ ಓದಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಇದನ್ನು ಎತ್ತುತ್ತೇನೆ. ನಿಮ್ಮ ನಿಮ್ಮ ಸಂಘದಲ್ಲಿ ನೀವೂ ಎತ್ತಿ.